ಎಲ್ಲರ ಕೂಸು

ರೇಖಾ ಅಳುವುದಿಲ್ಲ ಎಂಬ ಮಾತನ್ನು ಜನ ನನಗೆ ಹಬ್ಬದ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು. ಮೊದಲು ಹೇಳಿದವರು ಶಿಶುಗೃಹದ ಮೇಲ್ವಿಚಾರಕಿ ಕಮಲಾದೇವಿ. ಕಾಶಿಯಲ್ಲಿ ವರುಣಾ ನದಿಯ ಆಚೆಗೆ ಒಂದು ಹಳೆಯ ಬಂಗಲೆಯಲ್ಲಿ ಆ ಶಿಶುಗೃಹ ನಡೆಯುತ್ತಿತ್ತು. ತೊಂಬತ್ತೊಂದನೆಯ ಇಸವಿಯ ಆಷಾಢದಲ್ಲಿ ನಾನೂ ನನ್ನ ಗಂಡ ಮಹಾದೇವರೂ ಒಂದು ಮಗುವನ್ನು ಕೇಳಿಕೊಂಡು ಅಲ್ಲಿಗೆ ಹೋದೆವು. ಉದ್ದನೆಯ ಕೋಣೆ, ಸಾಲಾಗಿ ಕಬ್ಬಿಣದ ತೊಟ್ಟಿಲುಗಳು, ಒಂದೊಂದರಲ್ಲೂ ಒಂದೊಂದು ಮಗು. ಸದ್ದು ಮಾತ್ರ ಇಲ್ಲ. ನಾನು ಗುಳೇದಗುಡ್ಡದ ತುಂಬಿದ ಮನೆಯಲ್ಲಿ ಬೆಳೆದವಳು, ಅಕ್ಕಂದಿರ ಬಾಣಂತನಗಳನ್ನು ಕಂಡವಳು. ಮನೆಯಲ್ಲಿ ಒಂದು ಕೂಸಿದ್ದರೆ ಇಡೀ ಓಣಿಗೆ ನಿದ್ದೆಯಿಲ್ಲ. ಇಲ್ಲಿ ಕೋಣೆ ತುಂಬ ಕೂಸುಗಳಿದ್ದೂ ಮೇಲೆ ತಿರುಗುವ ಫ್ಯಾನಿನ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು.

ನಮ್ಮ ಮಕ್ಕಳು ಅಳುವುದಿಲ್ಲ, ಒಳ್ಳೆಯ ಅಭ್ಯಾಸ ಮಾಡಿಸಿದ್ದೇವೆ ಎಂದು ಕಮಲಾದೇವಿ ಹಿಂದಿಯಲ್ಲಿ ಹೆಮ್ಮೆಯಿಂದ ಹೇಳಿದರು. ನಾನೂ ಮೆಚ್ಚುಗೆಯಿಂದಲೇ ತಲೆಯಾಡಿಸಿದೆ.

ಅಷ್ಟರಲ್ಲಿ ಒಂದು ಹುಡುಗಿ ನಡೆದುಕೊಂಡು ಬಂದು ನನ್ನ ಬೆರಳು ಹಿಡಿಯಿತು. ಮೂರು ವರ್ಷದವಳಂತೆ, ನೋಡಿದರೆ ಎರಡು ತುಂಬಿದ ಹಾಗೂ ಕಾಣುತ್ತಿರಲಿಲ್ಲ. ಮುಖವೆತ್ತಿ ನಗುತ್ತ 'ಮಾಯಿ' ಎಂದಿತು, ಅಲ್ಲಿಯ ಮಾತಿನಲ್ಲಿ ಅವ್ವ. ಮದುವೆಯಾಗಿ ಅಷ್ಟು ವರ್ಷಗಳಾದರೂ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಮಗುವೇ ನಿಮ್ಮನ್ನು ಆರಿಸಿಕೊಂಡಿತು ನೋಡಿ ಎಂದರು ಕಮಲಾದೇವಿ. ನನ್ನ ಕಣ್ಣು ತುಂಬಿ ಬಂತು. ಅವಳೇ ರೇಖಾ.

ಒಂದು ಷರತ್ತಿತ್ತು. ಅರ್ಧ ವರ್ಷ ಮಗು ನಮ್ಮ ಮನೆಯಲ್ಲಿರಬೇಕು. ಆಮೇಲೆ ಶಿಶುಗೃಹದ ಸಮಿತಿಯವರು ಬಂದು ನೋಡಿ ಒಪ್ಪಿದರೆ ಕೋರ್ಟಿಗೆ ಕಾಗದ ಹೋಗುತ್ತದೆ, ಒಪ್ಪದಿದ್ದರೆ ಮಗು ವಾಪಸು. ಅಲ್ಲಿಯವರೆಗೆ ಅವಳು ಅವರವಳೇ. ಅದಕ್ಕೇನಂತೆ ಎಂದು ಸಹಿ ಹಾಕಿದೆವು. ರಿಕ್ಷಾದಲ್ಲಿ ಬರುವಾಗ ರೇಖಾ ನನ್ನ ತೊಡೆಯಿಂದ ಮುಂದಕ್ಕೆ ಬಾಗಿ ರಿಕ್ಷಾ ತುಳಿಯುವವನ ಬೆನ್ನಿಗೆ ಕೆನ್ನೆಯಿಟ್ಟು ಕುಳಿತಳು. ಎಂಥ ಪ್ರೀತಿಯ ಕೂಸು ಎಂದು ನಾವಿಬ್ಬರೂ ನಕ್ಕೆವು.

ಕೇದಾರ ಘಾಟಿಗೆ ಇಳಿಯುವ ಬಂಗಾಲಿ ಟೋಲಾದ ಗಲ್ಲಿಯೊಂದರಲ್ಲಿ, ಎರಡನೆಯ ಅಂತಸ್ತಿನಲ್ಲಿ ನಮ್ಮ ಮನೆ. ಗಂಡನಿಗೆ ಅದೇ ಊರಿನ ಲಂಕಾ ಎಂಬ ಬಡಾವಣೆಯ ಬ್ಯಾಂಕಿನಲ್ಲಿ ಕೆಲಸ, ಕಲಬುರಗಿಯಿಂದ ವರ್ಗವಾಗಿ ಬಂದಿದ್ದರು. ಕನ್ನಡ ಕಿವಿಗೆ ಬೀಳಬೇಕೆಂದರೆ ನಮಗಿದ್ದದ್ದು ಒಂದೇ ಜಾಗ, ನಮ್ಮ ಕಡೆಯ ಸ್ವಾಮಿಗಳ ಮಠ. ಪ್ರತಿ ಸೋಮವಾರ ಅಲ್ಲಿ ದಾಸೋಹ. ಬ್ಯಾಂಕಿನವರು, ರೈಲ್ವೆಯವರು, ಅಸ್ಥಿ ಬಿಡಲು ಬಂದ ಊರ ಕಡೆಯ ಯಾತ್ರಿಕರು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದೆವು. ಮಠದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರು ಶಂಭುಲಿಂಗಯ್ಯನವರು, ಅಡುಗೆಮನೆ ಅವರ ಹೆಂಡತಿ ಜಗದಾಂಬಕ್ಕನದು. ಅಲ್ಲಿ ಮಕ್ಕಳಿಗೆ ಬೇರೆ ಎಲೆ ಹಾಕುವ ಪದ್ಧತಿಯಿಲ್ಲ. ಕೂಸು ಪಂಕ್ತಿಯಲ್ಲಿ ನಡೆದುಕೊಂಡು ಹೋಗಬೇಕು, ಪ್ರತಿಯೊಬ್ಬರೂ ತಮ್ಮ ಎಲೆಯಿಂದ ಒಂದು ತುತ್ತು ಬಾಯಿಗಿಡಬೇಕು. ಹಾಗೆ ಎಲ್ಲರ ಕೈತುತ್ತು ಉಂಡ ಕೂಸಿಗೆ ಆಯುಸ್ಸು ಹೆಚ್ಚು ಎಂದು ನಂಬಿಕೆ. ಬೇಡ ಎನ್ನುವುದು ಆ ಕೈಗೆ ಮಾಡಿದ ಅವಮಾನ.

ಬೇರೆ ಮಕ್ಕಳು ನಾಲ್ಕನೆಯ ಎಲೆಗೇ ಮುಖ ತಿರುಗಿಸಿ ಅವ್ವನ ಸೆರಗಿಗೆ ಓಡುತ್ತಿದ್ದವು. ನನ್ನ ರೇಖಾ ಮಾತ್ರ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ಎಲ್ಲರ ತೊಡೆಯ ಮೇಲೂ ಕೂತು, ಎಲ್ಲರನ್ನೂ ಮಾಯಿ ಎಂದು ಕರೆದು ಬರುತ್ತಿದ್ದಳು. ಅಗಿಯುತ್ತಿರಲಿಲ್ಲ, ನುಂಗುತ್ತಿದ್ದಳು. ಸಾಕು ಎಂದು ಅವಳಿಗೆ ಎಂದೂ ಅನಿಸುತ್ತಿರಲಿಲ್ಲ. ಜಗದಾಂಬಕ್ಕನಿಗಂತೂ ಅವಳೆಂದರೆ ಪ್ರಾಣ. ಶಂಭುಲಿಂಗಯ್ಯನವರು "ಇದು ಮಠದ ಕೂಸು ಬಿಡ್ರಿ, ಎಲ್ಲಾರ ಕೂಸು" ಎಂದು ಹರಸಿದರು. ಹೆಸರು ಬದಲಿಸಿ ಶರಣೆಯರ ಹೆಸರೊಂದನ್ನು ಇಡೋಣ ಎಂದೂ ಹೇಳಿದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅವಳು ಆ ಬಂಗಲೆಯಿಂದ ತಂದದ್ದು ಒಂದು ಫ್ರಾಕು, ಒಂದು ಹೆಸರು. ಫ್ರಾಕು ಆಗಲೇ ಹರಿದುಹೋಗಿತ್ತು.

ಶ್ರಾವಣದಲ್ಲಿ ಒಂದು ದಿನ ಮಠದ ಮೆಟ್ಟಿಲ ಮೇಲಿಂದ ರೇಖಾ ಉರುಳಿ ಬಿದ್ದಳು. ಗದ್ದ ಸೀಳಿ ರಕ್ತ ಬಂತು. ನಾನು ಓಡುವಷ್ಟರಲ್ಲಿ ಅವಳೇ ಎದ್ದು, ಫ್ರಾಕಿನ ಅಂಚಿನಿಂದ ಗದ್ದ ಒರೆಸಿಕೊಂಡು, ಮತ್ತೆ ಮೆಟ್ಟಿಲು ಹತ್ತತೊಡಗಿದಳು. ಅಳಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಿರುಗಿ ನೋಡಲಿಲ್ಲ. ಬಿದ್ದ ಮಗು ಮೊದಲು ಸುತ್ತ ನೋಡುತ್ತದೆ. ತನ್ನವರು ಕಂಡರೆ ಅಳುತ್ತದೆ, ಕಾಣದಿದ್ದರೆ ಹುಡುಕಿಕೊಂಡು ಬಂದು ಅಳುತ್ತದೆ. ಇವಳ ಕಣ್ಣು ಯಾರನ್ನೂ ಹುಡುಕಲಿಲ್ಲ. ಭಾರಿ ಗಟ್ಟಿಗಿತ್ತಿ ಎಂದು ಎಲ್ಲರೂ ಕೊಂಡಾಡಿದರು. ನನಗೆ ಮಾತ್ರ ಆ ಬಂಗಲೆಯ ಸದ್ದಿಲ್ಲದ ಕೋಣೆ ನೆನಪಾಯಿತು.

ಆಮೇಲೆ ನನ್ನ ಕಣ್ಣಿಗೆ ಒಂದೊಂದೇ ಕಾಣತೊಡಗಿತು. ಮಧ್ಯಾಹ್ನ ಮಲಗಿಸಿದರೆ ಮಂಡಿಯೂರಿ ಹಿಂದಕ್ಕೂ ಮುಂದಕ್ಕೂ ತೂಗಿಕೊಳ್ಳುತ್ತಿದ್ದಳು, ತನ್ನ ತೊಟ್ಟಿಲನ್ನು ತಾನೇ ತೂಗುವವಳ ಹಾಗೆ. ಎತ್ತಿಕೊಂಡರೆ ಮೈಗೆ ಅಂಟುತ್ತಿರಲಿಲ್ಲ, ಹಿಟ್ಟಿನ ಚೀಲದ ಹಾಗೆ ಕೂರುತ್ತಿದ್ದಳು. ಆಡುತ್ತಿದ್ದ ಮಾತು ಬೆರಳೆಣಿಕೆಯಷ್ಟು. ಲಂಕಾದ ಡಾಕ್ಟರೊಬ್ಬರು ತಲೆಯ ಸುತ್ತಳತೆ ನೋಡಿ, ಬುದ್ಧಿ ನಿಧಾನ ಇರಬಹುದು ಎಂದರು.

ಭಾದ್ರಪದದ ಒಂದು ಬೆಳಿಗ್ಗೆ ನಾನು ಗಲ್ಲಿಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ರೇಖಾ ಕಾಣಲಿಲ್ಲ. ಬಂಗಾಲಿ ಟೋಲಾದ ಗಲ್ಲಿಗಳಲ್ಲಿ ದೊಡ್ಡವರೇ ದಾರಿ ತಪ್ಪುತ್ತಾರೆ. ಕೇದಾರ ಘಾಟಿನ ಮೆಟ್ಟಿಲವರೆಗೂ ಓಡಿದೆ, ಗಂಗೆ ಆಗ ತುಂಬಿ ಮೆಟ್ಟಿಲು ನುಂಗಿಕೊಂಡು ನಿಂತಿದ್ದಳು. ಕೊನೆಗೆ ಸಿಕ್ಕಿದಳು, ಯಾತ್ರಿಕರ ಲಾಡ್ಜೊಂದರ ಅಂಗಳದಲ್ಲಿ. ಸವಣೂರು ಕಡೆಯಿಂದ ಗಂಡನ ಅಸ್ಥಿ ತಂದಿದ್ದ ಒಬ್ಬ ಹೆಂಗಸಿನ ತೊಡೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಆ ಹೆಂಗಸಿನದೇನೂ ತಪ್ಪಿರಲಿಲ್ಲ.

"ಹಾದ್ಯಾಗ ನಿಂತಿತ್ರಿ. ಬಾ ಅಂದೆ, ಬಂತು. ಮಾಯಿ ಅಂತ ಕರೀತು. ನನ್ನ ಸಂಕಟದಾಗ ದೇವ್ರ ಕಳಿಸಿದ್ನೇನೋ ಅನ್ಕೊಂಡೆ."

ನಾನು ಕೈ ಚಾಚಿದೆ. ರೇಖಾ ನನ್ನನ್ನು ನೋಡಿದಳು, ಆ ಹೆಂಗಸನ್ನು ನೋಡಿದಳು. ಎರಡೂ ನೋಟ ಒಂದೇ. ಎದ್ದು ಬಂದು ನನ್ನ ಬೆರಳು ಹಿಡಿದಳು, ಮೊದಲ ದಿನ ಹಿಡಿದ ಹಾಗೆಯೇ, ನಕ್ಕಳು, ಮಾಯಿ ಎಂದಳು. ಅವಳು ನನ್ನನ್ನು ಆರಿಸಿಕೊಂಡಿರಲೇ ಇಲ್ಲ. ಆ ದಿನ ಬಾಗಿಲಲ್ಲಿ ಯಾರು ನಿಂತಿದ್ದರೂ ಅವರ ಬೆರಳನ್ನೇ ಹಿಡಿಯುತ್ತಿದ್ದಳು. ಮನೆಗೆ ಬಂದು ನಾನು ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಅಳು ನಿಂತು ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಕೂರುವವಳಲ್ಲ, ಅವಳನ್ನು ಎತ್ತಿಕೊಂಡು ನೇರ ಶಿಶುಗೃಹಕ್ಕೆ ಹೋದೆ.

ಈ ಕೂಸನ್ನು ಸಾಕಿದವರು ಯಾರು, ಅವರನ್ನು ಕರೆಸಿ ಎಂದೆ. ಕಮಲಾದೇವಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಲ್ಲರೂ ಸಾಕಿದ್ದಾರೆ ಎಂದರು. ಆಮೇಲೆ ಬಿಡಿಸಿ ಹೇಳಿದರು. ಅಲ್ಲಿ ಆಯಾ ಕೆಲಸ ಮಾಡುವ ಹೆಂಗಸರಿಗೆ ದಾಯಿ ಎನ್ನುತ್ತಾರೆ. ಯಾವ ದಾಯಿಯೂ ಒಂದೇ ಕೋಣೆಯಲ್ಲಿ ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ, ಪಾಳಿ ಬದಲಿಸುತ್ತಲೇ ಇರಬೇಕು. ಒಂದೇ ಮಗುವನ್ನು ಹೆಚ್ಚು ಎತ್ತಿಕೊಳ್ಳುವಂತಿಲ್ಲ. ಎಲ್ಲರಿಗೂ ಮಕ್ಕಳು ಕೊಡುವ ಹೆಸರು ಒಂದೇ, ಮಾಯಿ. ಇದು ಕಮಲಾದೇವಿಯೇ ಮಾಡಿದ ನಿಯಮ.

ಯಾಕೆ ಎಂದು ಕೇಳಿದೆ. ಅವರ ದನಿ ಇಳಿಯಿತು. ಹಿಂದೆ ಒಬ್ಬ ದಾಯಿಗೆ ಮಕ್ಕಳು ತುಂಬ ಹೊಂದಿಕೊಂಡಿದ್ದರಂತೆ. ಅವಳು ಮದುವೆಯಾಗಿ ಮಿರ್ಜಾಪುರಕ್ಕೆ ಹೊರಟುಹೋದಳು. ಆ ಕೋಣೆಯ ಮಕ್ಕಳು ಹಾಲು ಬಿಟ್ಟರು, ಅತ್ತೂ ಅತ್ತೂ ಸೊರಗಿದರು, ಒಂದು ಮಗು ಉಳಿಯಲೇ ಇಲ್ಲ. ಮೋಹ ಬೆಳೆದರೆ ತಾನೇ ಮುರಿಯುವುದು, ಬೆಳೆಯಲೇಬಾರದು ಎಂದು ನಿರ್ಧರಿಸಿದೆ ಎಂದರು. ಹೇಳುವಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೆಟ್ಟ ಹೆಂಗಸಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಬಾಯಿಗೆ ಬಂದಂತೆ ಬೈದು ಬರುತ್ತಿದ್ದೆ. ಕರುಣೆಯಿಂದಲೇ ಇಷ್ಟು ಕೂಸುಗಳ ಅಳುವನ್ನು ಕಿತ್ತುಹಾಕಿದವರಿಗೆ ಏನು ಬೈಯುವುದು?

ಆಮೇಲೆ ಅವರು ಒಂದು ಮಾತು ಹೇಳಿದರು. ಡಾಕ್ಟರು ಹೇಳಿದ್ದು ತಮಗೂ ತಿಳಿದಿದೆ, ಈ ಹುಡುಗಿ ನಿಧಾನ, ಬೇಸರವಿದ್ದರೆ ಬಿಟ್ಟುಹೋಗಿ, ಬೆಳ್ಳಗಿನ ಗಂಡು ಕೂಸೊಂದು ಬಂದಿದೆ, ಇನ್ನೂ ತೆವಳುತ್ತಿದೆ, ಅದನ್ನು ಒಯ್ಯಿರಿ ಎಂದರು. ನನ್ನ ಮೈ ಉರಿದುಹೋಯಿತು. ನಾನೇನು ಸೀರೆ ಅಂಗಡಿಗೆ ಬಂದಿದ್ದೇನೆಯೇ, ಬಣ್ಣ ಹೋಗುತ್ತದೆ ಎಂದು ಬದಲಿಸಿಕೊಂಡು ಹೋಗಲು ಎಂದು ಕೇಳಿದೆ. ಇವಳು ನನ್ನವಳು, ಅದು ಇವಳಿಗೆ ಇನ್ನೂ ಗೊತ್ತಿಲ್ಲ, ಗೊತ್ತು ಮಾಡಿಸುತ್ತೇನೆ ಎಂದು ಹೇಳಿ ಹೊರಬಿದ್ದೆ.

ಮುಂದಿನ ಸೋಮವಾರ ಮಠದ ಪಂಕ್ತಿಯಲ್ಲಿ ರೇಖಾಳನ್ನು ನನ್ನ ತೊಡೆಯ ಮೇಲೆಯೇ ಕೂರಿಸಿಕೊಂಡೆ. ಅವಳು ಎದ್ದು ಹೊರಟಾಗ ಸೊಂಟ ಹಿಡಿದು ಕೂರಿಸಿದೆ. ಜಗದಾಂಬಕ್ಕ ಹೋಳಿಗೆಯ ಚೂರಿಗೆ ತುಪ್ಪ ಸವರಿಕೊಂಡು ಬಂದು ಅವಳ ಬಾಯಿಗೆ ಹಿಡಿದರು. ನಾನು ಅಡ್ಡ ಕೈಯಿಟ್ಟೆ. ಇನ್ನು ಮುಂದೆ ನನ್ನ ಹೊರತು ಯಾರೂ ಇವಳಿಗೆ ಉಣಿಸಬಾರದು, ಎತ್ತಿಕೊಳ್ಳಬಾರದು, ತಾನಾಗಿ ಬಂದರೂ ನನ್ನ ಕಡೆ ತಿರುಗಿಸಿ ಕಳಿಸಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಪಂಕ್ತಿಯಲ್ಲಿ ತುತ್ತುಗಳು ಅರ್ಧಕ್ಕೇ ನಿಂತವು.

"ನನ್ನ ಕೈ ಅಷ್ಟು ಹೊಲಸಾತೇನು ನೀಲಗಂಗಾ?" ಎಂದರು ಜಗದಾಂಬಕ್ಕ.

"ನಿಮ್ಮ ಕೈ ಹೊಲಸಲ್ಲಕ್ಕಾ. ಆಕಿಗೆ ಕೈ ಭಾಳ ಆಗ್ಯಾವು."

ಶಂಭುಲಿಂಗಯ್ಯನವರು ಊಟ ಬಿಟ್ಟು ಎದ್ದು ಬಂದರು. ನನ್ನದು ನಿನ್ನದು ಎನ್ನುವುದನ್ನು ಬಿಡುವುದಕ್ಕೇ ದಾಸೋಹ ಇರುವುದು, ಈ ಪಂಕ್ತಿಯಲ್ಲಿ ಕೂತು ನನ್ನ ಕೂಸು ಎನ್ನುವುದು ತರವಲ್ಲ ಎಂದು ಸಮಾಧಾನದಿಂದಲೇ ಹೇಳಿದರು. ಅವರ ಮುಂದೆ ನಾನು ಅದುವರೆಗೆ ತಲೆಯೆತ್ತಿ ಮಾತಾಡಿದವಳಲ್ಲ.

"ಮೂರು ವರ್ಷ ಎಲ್ಲಾರ ಕೂಸು ಆಗೇ ಬಂದಾಳ್ರಿ ಅಪ್ಪಾರ. ಸಾಕು. ಇನ್ನ ಒಬ್ಬಾಕಿ ಕೂಸು ಆಗ್ಲಿ. ನನ್ನಾಕಿ ಅಂತ ತಿಳದ ಮ್ಯಾಲೆ ನಾನ ಕರ್ಕೊಂಡ ಬಂದು ನಿಮ್ಮ ಪಂಕ್ತ್ಯಾಗ ಬಿಡ್ತೀನಿ."

ಉಣ್ಣದೆ ಎದ್ದು ಬಂದೆ. ಅಂದಿನಿಂದ ಮಠದ ಕಡೆ ತಲೆ ಹಾಕಲಿಲ್ಲ. ಹೆಂಗಸರು ನನಗೆ ಇಟ್ಟ ಹೆಸರುಗಳು ಒಂದೆರಡಲ್ಲ. ಹೆತ್ತವಳಲ್ಲದ್ದಕ್ಕೇ ಇಷ್ಟು ಬಿಗುಮಾನ ಎಂದರು. ನಾಲ್ಕು ಜನರ ನಡುವೆ ನಗುನಗುತ್ತಿದ್ದ ಕೂಸನ್ನು ಕೋಣೆಯಲ್ಲಿ ಕೂಡಿಹಾಕಿದ್ದಾಳೆ ಎಂದು ಯಾರೋ ಶಿಶುಗೃಹಕ್ಕೂ ಮುಟ್ಟಿಸಿದರು. ಮಹಾದೇವರಿಗೆ ಬ್ಯಾಂಕಿನಲ್ಲಿ ಮುಖ ತೋರಿಸುವುದೇ ಕಷ್ಟವಾಯಿತು. ಒಂದು ದಿನ ತಟ್ಟೆಯ ಮುಂದೆ ಕೂತವರು ಕೇಳಿದರು:

"ನಾ ತುತ್ತು ಕೊಟ್ರನೂ ಬ್ಯಾಡೇನು ನೀಲಾ?"

ಸ್ವಲ್ಪ ದಿನ ಬೇಡ ಎಂದೆ. ಅವರು ಎತ್ತಿದ್ದ ತುತ್ತನ್ನು ನೋಡಿದರು, ತಾವೇ ತಿಂದರು. ಆಯಿತು ಎಂದರು. ನನ್ನ ಗಂಡ ಮಾತಿನಲ್ಲಿ ದೊಡ್ಡವರಲ್ಲ. ಆದರೆ ಆ ತುತ್ತನ್ನು ಮರಳಿ ತಮ್ಮ ಬಾಯಿಗೆ ಇಟ್ಟುಕೊಂಡರಲ್ಲ, ಅದಕ್ಕೆ ನಾನು ಅವರಿಗೆ ಇಂದಿಗೂ ಋಣಿ.

ನಾನು ಅವಳನ್ನು ಮತ್ತೆ ಬಾಣಂತನದಿಂದ ಶುರುಮಾಡಿದೆ. ಮೂರು ವರ್ಷದವಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆದೆ, ಲೋಬಾನದ ಹೊಗೆ ಹಾಕಿದೆ. ಹಳೆಯ ಸೀರೆಯಿಂದ ಬೆನ್ನಿಗೆ ಕಟ್ಟಿಕೊಂಡು ರೊಟ್ಟಿ ತಟ್ಟಿದೆ, ಬಟ್ಟೆ ಒಗೆದೆ. ಅನ್ನ ಕಲಸಿ ಒಂದೊಂದೇ ತುತ್ತು, ನನ್ನ ಕಣ್ಣು ನೋಡಿದರೆ ಮಾತ್ರ ತುತ್ತು. ಅವಳು ಮಂಡಿಯೂರಿ ತೂಗಿಕೊಂಡಾಗ ನಾನೂ ಪಕ್ಕದಲ್ಲಿ ಮಂಡಿಯೂರಿ ತೂಗಿದೆ. ನಡುವಯಸ್ಸಿನ ಹೆಂಗಸು ಹಾಗೆ ತೂಗುವುದನ್ನು ಯಾರಾದರೂ ಕಂಡಿದ್ದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ಕೆಲವು ದಿನ ನನಗೂ ಹಾಗೆಯೇ ಅನಿಸಿತು. ಎಷ್ಟು ಕೊಟ್ಟರೂ ಅವಳಿಂದ ಏನೂ ತಿರುಗಿ ಬರುತ್ತಿರಲಿಲ್ಲ. ಮನೆಗೆ ಗ್ಯಾಸ್ ಸಿಲಿಂಡರ್ ತಂದವನನ್ನೂ ಅದೇ ನಗುವಿನಿಂದ ಮಾಯಿ ಎನ್ನುತ್ತಿದ್ದಳು.

ಕಾರ್ತಿಕದಲ್ಲಿ ಗಲಭೆಯಾಗಿ ಊರಿಗೆ ಕರ್ಫ್ಯೂ ಬಿತ್ತು. ಗಲ್ಲಿಗಳಲ್ಲಿ ಪೊಲೀಸರ ಬೂಟಿನ ಸದ್ದು ಬಿಟ್ಟರೆ ನರಪಿಳ್ಳೆಯಿಲ್ಲ. ಊರಿಗೆಲ್ಲ ಸಂಕಟವಾದ ಆ ದಿನಗಳು ನನಗೆ ವರವಾದವು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬಾಗಿಲು ಬಡಿಯುವವರಿಲ್ಲ, ಬಾ ಎಂದು ಕರೆಯುವವರಿಲ್ಲ. ಬೆಳಗಾದರೆ ಅದೇ ಮುಖ, ಅದೇ ಕೈ. ಒಂದು ಮಧ್ಯಾಹ್ನ ನಾನು ಒಗೆದ ಬಟ್ಟೆ ಹರವಲು ಮಾಳಿಗೆಗೆ ಹೋಗಿ ಬಂದೆ. ಎತ್ತಿಕೊಳ್ಳಲು ಬಗ್ಗಿದರೆ ರೇಖಾ ನನ್ನ ಮುಂಗೈ ಕಚ್ಚಿದಳು. ಹಲ್ಲು ಮೂಡುವ ಹಾಗೆ, ಬಿಡದೆ ಕಚ್ಚಿದಳು. ನಾನು ಕೈ ಎಳೆದುಕೊಳ್ಳಲಿಲ್ಲ. ಅವಳು ಅದುವರೆಗೆ ಯಾರ ಮೇಲೂ ಸಿಟ್ಟು ಮಾಡಿದವಳಲ್ಲ. ಬಿಟ್ಟುಹೋದದ್ದಕ್ಕೆ ಸಿಟ್ಟಾಗಬೇಕಾದರೆ ಬಿಟ್ಟುಹೋದವರು ತನ್ನವರಾಗಿರಬೇಕಲ್ಲ. ಸಂಜೆ ಆ ಗುರುತನ್ನು ಮಹಾದೇವರಿಗೆ ಬಳೆ ತೋರಿಸಿದ ಹಾಗೆ ತೋರಿಸಿದೆ.

ಅಲ್ಲಿಂದ ಮನೆಯಲ್ಲಿ ಕುರುಕ್ಷೇತ್ರ. ತಟ್ಟೆ ಎಸೆದಳು, ನನ್ನ ಕೂದಲು ಕಿತ್ತಳು, ಹೊಸಬರು ಬಂದರೆ ಬಾಗಿಲ ಹಿಂದೆ ಅಡಗಿದಳು. ಹಾಸಿಗೆ ಒದ್ದೆ ಮಾಡತೊಡಗಿದಳು. ನಾನು ಬಚ್ಚಲಿಗೆ ಹೋದರೆ ಹೊರಗೆ ಕದಕ್ಕೆ ತಲೆಯಿಟ್ಟು ಕೂರುತ್ತಿದ್ದಳು. ಆದರೆ ಅಳು ಮಾತ್ರ ಬರಲಿಲ್ಲ. ಬಾಯಿ ತೆರೆಯುತ್ತಿತ್ತು, ಮುಖ ಕೆಂಪಾಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಸಮಿತಿಯವರು ಬಂದರು. ಕಮಲಾದೇವಿ, ಜೊತೆಗೆ ಸಮಿತಿಯ ಹಿರಿಯರೊಬ್ಬರು, ಕೋಟು ಹಾಕಿದ ನಿವೃತ್ತ ಅಧಿಕಾರಿ. ನಮ್ಮ ಕಡೆಯ ಜನರ ಅಭಿಪ್ರಾಯ ಬೇಕೆಂದು ಮಠದಿಂದ ಶಂಭುಲಿಂಗಯ್ಯನವರನ್ನೂ ಜಗದಾಂಬಕ್ಕನನ್ನೂ ಕರೆಸಿದ್ದರು. ಇಷ್ಟು ಸಿಟ್ಟಾದವರು ಇನ್ನೇನು ಹೇಳಿಯಾರು ಎಂದು ನಾನು ಆಸೆ ಬಿಟ್ಟೆ. ಆದರೂ ಚಹಾ ಮಾಡಿದೆ.

ರೇಖಾ ನನ್ನ ಸೀರೆಯ ನೆರಿಗೆಯೊಳಗೆ ಮುಖ ಹುದುಗಿಸಿ ನಿಂತಿದ್ದಳು. ಹಿರಿಯರು ಕರೆದರು, ಬರಲಿಲ್ಲ. ಬಿಸ್ಕತ್ತು ಚಾಚಿದರು, ಕಸಿದು ಎಸೆದಳು. ಅವರ ಹುಬ್ಬು ಮೇಲೇರಿತು. ಶಿಶುಗೃಹದಲ್ಲಿ ಎಷ್ಟು ಶಾಂತವಾಗಿ, ಎಷ್ಟು ನಗುನಗುತ್ತ ಇದ್ದ ಮಗು, ಈ ಮನೆಯಲ್ಲಿ ಹೀಗಾಗಿದೆ ಎಂದರು. ಯಾರ ಬಳಿಯೂ ಹೋಗುವುದಿಲ್ಲವೇ ನೋಡೋಣ ಎಂದು ಜಗದಾಂಬಕ್ಕನಿಗೆ ಎತ್ತಿಕೊಳ್ಳಲು ಸೂಚಿಸಿದರು.

ಜಗದಾಂಬಕ್ಕ ಎದ್ದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾ ಮುಟ್ಟೂದಿಲ್ಲ. ಆಕಿ ತಾಯಿ ಅಲ್ಲೇ ಅದಾಳ" ಎಂದು ಕನ್ನಡದಲ್ಲೇ ಹೇಳಿದರು. ಹಿರಿಯರಿಗೆ ಅರ್ಥವಾಗಲಿಲ್ಲ. ಶಂಭುಲಿಂಗಯ್ಯನವರು ಅದನ್ನು ಹಿಂದಿಯಲ್ಲಿ ಹೇಳಿದರು, ತಮ್ಮ ಕಡೆಯಿಂದ ಒಂದಕ್ಷರ ಸೇರಿಸಲಿಲ್ಲ. ನಾನು ಜಗದಾಂಬಕ್ಕನ ಮುಖ ನೋಡಲಾರದೆ ಚಹಾದ ಲೋಟಗಳನ್ನು ನೋಡುತ್ತ ನಿಂತೆ.

ಹಿರಿಯರು ಅಷ್ಟಕ್ಕೆ ಬಿಡುವವರಲ್ಲ. ಮಗು ಇಲ್ಲಿ ಹೆದರಿದೆ, ಹಳೆಯ ಪರಿಚಯದವರ ಜೊತೆ ಹೇಗಿರುತ್ತದೆ ನೋಡಬೇಕು, ಕೆಳಗೆ, ಗಲ್ಲಿಯಾಚೆ ನಿಂತ ಜೀಪಿನವರೆಗೆ ಎತ್ತಿಕೊಂಡು ಹೋಗಿ ಎಂದು ಕಮಲಾದೇವಿಗೆ ಹೇಳಿದರು. ಸುಮ್ಮನೆ ಬಂದರೆ ಕೆಲವು ವಾರ ಶಿಶುಗೃಹದಲ್ಲಿಟ್ಟು ನೋಡೋಣ, ಆಮೇಲೆ ಮುಂದಿನ ಮಾತು. ಕಮಲಾದೇವಿ ನನ್ನ ನೆರಿಗೆಯಿಂದ ಅವಳನ್ನು ಬಿಡಿಸಿ ಎತ್ತಿಕೊಂಡರು. ನಾನು ಮುಂದೆ ಬಂದೆ. ರಂಪ ಮಾಡಿದರೆ ಅದನ್ನೂ ವರದಿಯಲ್ಲಿ ಬರೆಯಬೇಕಾಗುತ್ತದೆ ಎಂದು ಹಿರಿಯರು ಕೈ ಅಡ್ಡ ಹಿಡಿದರು. ಮಹಾದೇವರು ಎದ್ದು ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. "ಬರೀರಿ" ಎಂದು ನಾನು ಕನ್ನಡದಲ್ಲಿ ಹೇಳಿ ಬಾಗಿಲಿಗೆ ನಡೆದೆ.

ಆದರೆ ಕಮಲಾದೇವಿಯ ಹೆಗಲ ಮೇಲಿಂದ ಕಂಡ ಆ ಮುಖ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿತು. ಅದು ಹಳೆಯ ಮುಖ, ಉದ್ದ ಕೋಣೆಯ ಮುಖ. ಎತ್ತಿದವರ ತೋಳಿನಲ್ಲಿ ಹಿಟ್ಟಿನ ಚೀಲದ ಹಾಗೆ ಕೂತಿದ್ದಳು. ಕಣ್ಣು ನನ್ನ ಮೇಲಿತ್ತು, ಆದರೆ ಅದರಲ್ಲಿ ನಾನಿರಲಿಲ್ಲ. ಒಂದು ಪಾಳಿ ಮುಗಿಯಿತು, ಇನ್ನೊಂದು ಶುರುವಾಯಿತು ಎಂದು ಅವಳಿಗೆ ಅನಿಸಿರಬೇಕು. ಸುಮ್ಮನೆ ಹೊರಟಳು. ಅಷ್ಟು ಎಣ್ಣೆ, ಅಷ್ಟು ತುತ್ತು, ಅಷ್ಟು ತೂಗಾಟ, ಎಲ್ಲ ನೀರಿನಲ್ಲಿ ಹೋಯಿತು ಎಂದುಕೊಂಡೆ. ಅವರು ಮೆಟ್ಟಿಲಿಳಿದು ತಿರುವಿನಲ್ಲಿ ಮರೆಯಾದರು.

ಆಗ ಆ ಸದ್ದು ಬಂತು. ಮೊದಲು ಅದು ಮಗುವಿನದು ಎಂದೇ ನನಗೆ ತಿಳಿಯಲಿಲ್ಲ. ಬಹಳ ದಿನ ಹಾಕಿಟ್ಟ ಕಬ್ಬಿಣದ ಬಾಗಿಲನ್ನು ಯಾರೋ ನೂಕಿದ ಹಾಗಿತ್ತು. ಒಂದು ಸಲ ನಿಂತಿತು, ಉಸಿರು ಎಳೆದುಕೊಂಡಿತು. ಆಮೇಲೆ ಕಟ್ಟಡವೇ ನಡುಗುವ ಹಾಗೆ ಹೊರಟಿತು. ಅದರಲ್ಲಿ ಮಾಯಿ ಇಲ್ಲ, ಅವ್ವ ಇಲ್ಲ, ಮಾತೇ ಇಲ್ಲ. ಬರೀ ಅಳು, ಮೂರು ವರ್ಷದ ಅಳು.

ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಕಮಲಾದೇವಿ ತಿರುವಿನ ಮೆಟ್ಟಿಲಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಅವರ ಹೆಗಲ ಮೇಲಿಂದ ರೇಖಾ ಎರಡೂ ಕೈ ಚಾಚಿ, ನಾನು ಮರೆಯಾದ ಜಾಗದ ಕಡೆಗೆ ಅಳುತ್ತಿದ್ದಳು. ನಾನು ಕಂಡ ಕೂಡಲೇ ಇನ್ನೂ ಜೋರಾಗಿ ಅತ್ತಳು. ಕಸಿದುಕೊಂಡೆ. ಎದೆಗೆ ಅವುಚಿಕೊಂಡರೆ ನನ್ನ ಮುಖಕ್ಕೆ, ಕೊರಳಿಗೆ ಮುಷ್ಟಿಯಿಂದ ಹೊಡೆದಳು. ಯಾಕೆ ಬಿಟ್ಟೆ, ಯಾಕೆ ಬಿಟ್ಟೆ ಎಂದು ಕೇಳುವ ಹಾಗೆ ಹೊಡೆದಳು. ಹೊಡೆಯುತ್ತಲೇ ಕಾಲುಗಳಿಂದ ನನ್ನ ಸೊಂಟವನ್ನು ಬಿಗಿಯಾಗಿ ಸುತ್ತಿದಳು. ಆ ಮೈ ನನಗೆ ಅಂಟಿತು.

ಹಿರಿಯರು ಮೇಲಿಂದ ಇಳಿದು ಬಂದು, ನಗುತ್ತಿದ್ದ ಮಗುವಿಗೆ ಅಳುವುದನ್ನು ಕಲಿಸಿದ್ದೀರಿ ಎಂದರು.

"ಹೌದು, ಕಲಿಸಿದ್ದೇನೆ," ಎಂದೆ ನನ್ನ ಹರುಕು ಹಿಂದಿಯಲ್ಲಿ. "ನಿಮ್ಮಲ್ಲಿ ಅವಳು ಯಾರಿಗಾಗಿ ಅಳಬೇಕಿತ್ತು, ಹೇಳಿ."

ಅವರು ಉತ್ತರಕ್ಕೆ ಬಾಯಿ ತೆರೆದರು. ಕಮಲಾದೇವಿ ತಡೆದರು. ಅವರ ಕಣ್ಣು ರೇಖಾಳ ಮೇಲೆಯೇ ಇತ್ತು. ಇವಳು ನಾಲ್ಕು ದಿನದ ಕೂಸಾಗಿದ್ದಾಗ ನನ್ನ ಕೈಗೆ ಬಂದಳು, ಇವಳು ಹೀಗೆ ಅತ್ತದ್ದನ್ನು ನಾನು ಇವತ್ತೇ ಕೇಳಿದ್ದು ಎಂದರು. ಕಾಗದ ಕೋರ್ಟಿಗೆ ಕಳಿಸುತ್ತೇನೆ ಎಂದು ಹಿರಿಯರ ಕಡೆ ತಿರುಗದೆಯೇ ಹೇಳಿದರು. ಹಿರಿಯರು ಗೊಣಗುತ್ತ ಜೀಪಿನ ಕಡೆ ಹೋದರು.

ಕಮಲಾದೇವಿ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು. ಪಾಳಿ ನಿಲ್ಲಿಸಿದರೆ, ಮತ್ತೆ ಒಬ್ಬ ದಾಯಿ ಬಿಟ್ಟುಹೋದರೆ, ಆ ಮಕ್ಕಳು ಮತ್ತೆ ಹಾಲು ಬಿಟ್ಟರೆ ನಾನೇನು ಮಾಡಲಿ ಎಂದು ಕೇಳಿದರು. ಅಳಲು ಬಿಡಿ, ಯಾರಾದರೂ ಒಬ್ಬರು ಹೋಗಿ ಎತ್ತಿಕೊಳ್ಳಿ, ಪ್ರತಿಸಲವೂ ಅವರೇ ಎತ್ತಿಕೊಳ್ಳಲಿ ಎಂದಷ್ಟೇ ಹೇಳಿದೆ. ಅವರು ತಲೆಯಾಡಿಸಿದರೋ ಇಲ್ಲವೋ, ಆ ಅಳುವಿನಲ್ಲಿ ನಾನು ಗಮನಿಸಲಿಲ್ಲ.

ಮೇಲೆ ಬಂದ ಮೇಲೂ ರೇಖಾ ನಿಲ್ಲಿಸಲಿಲ್ಲ. ಸುಮ್ಮನಿರು ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಮಹಾದೇವರು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಜಗದಾಂಬಕ್ಕನ ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು, ಬಿಟ್ಟರೆ ತಾನಾಗಿ ಮುಂದೆ ಬರುತ್ತದೆ ಎಂದು ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡಿದ್ದರು. ಗಲ್ಲಿಯ ಕಿಟಕಿಗಳೆಲ್ಲ ತೆರೆದವು. ಎದುರು ಮನೆಯ ಬಂಗಾಲಿ ಮುದುಕಿ ಏನಾಯಿತು, ಯಾರಿಗೆ ಏನಾಯಿತು ಎಂದು ಗಾಬರಿಯಿಂದ ಕೂಗಿ ಕೇಳಿದಳು.

ನಾನು ರೇಖಾಳನ್ನು ಸೊಂಟದ ಮೇಲೆ ಏರಿಸಿಕೊಂಡು ಕಿಟಕಿಗೆ ಬಂದೆ.

"ಏನೂ ಆಗಿಲ್ಲ," ಎಂದು ಇಡೀ ಗಲ್ಲಿಗೆ ಕೇಳುವ ಹಾಗೆ ಕೂಗಿ ಹೇಳಿದೆ. "ನನ್ನ ಮಗಳು ಅಳುತ್ತಿದ್ದಾಳೆ."